ಹೊಲ ಇದ್ದವರು ಎಲ್ಲಿಗೆ ಹೋದರು? ಮಗರ್‌ಪಟ್ಟಾದಲ್ಲಿ ಒಂದು ಸಂಜೆ

ನಮಸ್ಕಾರ. ನೀವು ಈಗ ನೋಡುತ್ತಿರುವುದು ಪುಣೆಯ ಹಡಪ್ಸರ್‌ನಲ್ಲಿರುವ ಮಗರ್‌ಪಟ್ಟಾ ಸಿಟಿ ಎಂಬ ಟೌನ್‌ಶಿಪ್ಪಿನ ಅದಿತಿ ಗಾರ್ಡನ್. ಸೊಲ್ಲಾಪುರದ ರಸ್ತೆ ನಗರದೊಳಗೆ ಕಾಲಿಡುವುದು ಹಡಪ್ಸರ್‌ನ ಮೂಲಕವೇ ಆದ್ದರಿಂದ, ವಿಜಯಪುರ, ಕಲಬುರಗಿಯ ಕಡೆಯಿಂದ ಬರುವ ನಮ್ಮವರು ಮೊದಲು ಕಾಣುವ ಪುಣೆ ಇದೇ. ಕಳೆದ ವಾರ ಇಂಡಿಯ ಹತ್ತಿರದ ನಮ್ಮೂರಿನಿಂದ ಅಪ್ಪ ಬಂದಿದ್ದರು. ಸಂಜೆ ಇಲ್ಲಿಗೆ ಕರೆತಂದಾಗ ಈ ಮರಗಳನ್ನೂ ಆಚೆಯ ಐಟಿ ಕಟ್ಟಡಗಳನ್ನೂ ಸುಮ್ಮನೆ ನೋಡಿ, ಅವರು ಕೇಳಿದ್ದು ಒಂದೇ ಮಾತು: “ಇಲ್ಲಿ ಹೊಲ ಇದ್ದವ್ರು ಈಗ ಎಲ್ಲಿ ಅದಾರಪಾ?”

ಕಬ್ಬು ಬೆಳೆಯುವವರು ಕೇಳಲೇಬೇಕಾದ ಪ್ರಶ್ನೆ ಅದು. ಇಲ್ಲಿ ಇದ್ದದ್ದೂ ಕಬ್ಬಿನ ಹೊಲಗಳೇ. ಸುಮಾರು 400 ಎಕರೆ, 120ರಷ್ಟು ರೈತ ಕುಟುಂಬಗಳು, ಅವರಲ್ಲಿ ಹೆಚ್ಚಿನವರು ಮಗರ್ ಮನೆತನದವರು. ನಗರ ಹೊಲದ ಅಂಚಿಗೆ ಬಂದಾಗ ಒಬ್ಬೊಬ್ಬರೇ ತಮ್ಮ ತುಂಡನ್ನು ಹೊರಗಿನ ಬಿಲ್ಡರಿಗೆ ಮಾರಿ, ಬಂದ ಹಣವನ್ನು ಮದುವೆ ಮತ್ತು ವಾಹನಗಳಲ್ಲಿ ಕರಗಿಸುವುದು ಎಲ್ಲ ಊರುಗಳಲ್ಲೂ ನಡೆಯುವ ಕಥೆ. ಇವರು ಹಾಗೆ ಮಾಡಲಿಲ್ಲ. ಅದೇ ಮನೆತನದ, ಕೃಷಿ ಪದವೀಧರರಾದ ಸತೀಶ್ ಮಗರ್ ಅವರ ಮುಂದಾಳತ್ವದಲ್ಲಿ ಎಲ್ಲರೂ ಜಮೀನನ್ನು ಒಟ್ಟುಗೂಡಿಸಿ ತಮ್ಮದೇ ಕಂಪನಿ ಕಟ್ಟಿದರು. ನಮ್ಮ ಪಹಣಿಯಂತೆ ಇಲ್ಲಿರುವ ಸಾತ್‌ಬಾರಾ ಉತಾರಾದಲ್ಲಿ ಯಾರ ಹೆಸರಿಗೆ ಎಷ್ಟು ಭೂಮಿಯಿತ್ತೋ ಅದಕ್ಕೆ ತಕ್ಕಂತೆ ಷೇರು ಹಂಚಿಕೊಂಡರು. 1990ರ ದಶಕದಲ್ಲಿ ಮೂಡಿದ ಯೋಜನೆಯ ಕಟ್ಟಡಗಳು ಮೇಲೇಳಲಾರಂಭಿಸಿದ್ದು 2000ದ ಸುಮಾರಿಗೆ. ರೈತರ ಮಕ್ಕಳು ತರಬೇತಿ ಪಡೆದು ಇಟ್ಟಿಗೆ ಬ್ಲಾಕು ಪೂರೈಕೆ, ಸಾಗಣೆ, ತೋಟದ ಕೆಲಸಗಳ ಗುತ್ತಿಗೆಗಳನ್ನೂ ಹಿಡಿದರು.

ಹೀಗಾಗಿ ಅಪ್ಪನಿಗೆ ನಾನು ಕೊಟ್ಟ ಉತ್ತರ: ಅವರು ಇಲ್ಲೇ ಇದ್ದಾರೆ. ಇಲ್ಲಿ ಹಸಿ ಕಸ ಮನೆಯಲ್ಲೇ ಬೇರೆಯಾಗಿ ಬಯೋಗ್ಯಾಸ್ ಆಗುತ್ತದೆ, ಗೊಬ್ಬರವಾಗುತ್ತದೆ, ಮಹಡಿಗಳ ಮೇಲೆ ಸೋಲಾರ್ ವಾಟರ್ ಹೀಟರುಗಳಿವೆ, ಮಳೆನೀರನ್ನು ಇಂಗಿಸುತ್ತಾರೆ. ಇಂಥವನ್ನು ಬೇರೆ ಯೋಜನೆಗಳ ಕರಪತ್ರಗಳಲ್ಲಿಯೂ ನಾನು ಓದಿದ್ದೇನೆ. ಆದರೆ ಕಟ್ಟಿದವರು ಫ್ಲ್ಯಾಟು ಮಾರಿ ಮುಗಿಸಿ ಮುಂದಿನ ಊರಿಗೆ ಹೋಗದೆ, ತಾವು ಹುಟ್ಟಿದ ನೆಲದಲ್ಲಿಯೇ ಅಣ್ಣತಮ್ಮಂದಿರ ಮುಖ ನೋಡುತ್ತ ಬದುಕಬೇಕಾಗಿರುವಾಗ, ಚರಂಡಿಯಿಂದ ಹಿಡಿದು ಬೀದಿದೀಪದವರೆಗೆ ಪ್ರತಿಯೊಂದಕ್ಕೂ ಅವರು ಉತ್ತರ ಹೇಳಬೇಕಾಗುತ್ತದೆ ಎಂದು ನನಗೆ ಅನ್ನಿಸುತ್ತದೆ.

ಆದರೂ ಒಂದು ಸಂಗತಿ ನನ್ನನ್ನು ಕಾಡುತ್ತದೆ. ಷೇರು ಬಂದದ್ದು ಭೂಮಿಯಿದ್ದವರಿಗೆ. ಅದೇ ಹೊಲದಲ್ಲಿ ಕಬ್ಬು ಕಡಿದ ಕೂಲಿಯವರ ಹೆಸರು ಸಾತ್‌ಬಾರಾದಲ್ಲಿ ಇರುವುದಿಲ್ಲ. ನಮ್ಮ ಕಡೆಯಿಂದ ಪ್ರತಿವರ್ಷ ಕಬ್ಬು ಕಡಿಯಲು ಪಶ್ಚಿಮ ಮಹಾರಾಷ್ಟ್ರಕ್ಕೆ ಹೋಗುವ ಕುಟುಂಬಗಳನ್ನು ಬಲ್ಲವನಾಗಿ ಇದನ್ನು ಹೇಳದೆ ಮುಂದೆ ಹೋಗಲಾರೆ.

ಇನ್ನು ನಮ್ಮ ಮನೆಯ ವಿಷಯ. ನಾನು ಇರುವುದು ಇಲ್ಲಿಂದ ಕೆಲವು ಕಿಲೋಮೀಟರ್ ಆಚೆಯ ಒಂದು ಸಾಧಾರಣ ವಸತಿ ಸೊಸೈಟಿಯಲ್ಲಿ. ನಮ್ಮ ಬಿಲ್ಡರ್ ಕೀಲಿಕೈ ಕೊಟ್ಟ ಮೇಲೆ ನಮಗೆ ಕಾಣಿಸಿಕೊಂಡದ್ದು ಎರಡೇ ಸಲ. ಚರಂಡಿ ನೀರಿನ ಶುದ್ಧೀಕರಣ ಘಟಕ ಮೊದಲ ವರ್ಷವೇ ನಿಂತಿತು, ಬೇಸಿಗೆಯಲ್ಲಿ ಟ್ಯಾಂಕರ್ ಬರುತ್ತದೆ, ಜಮೀನು ಈಗಲೂ ಸೊಸೈಟಿಯ ಹೆಸರಿಗೆ ಆಗಿಲ್ಲ. ಮಹಾರಾಷ್ಟ್ರದ ಫ್ಲ್ಯಾಟು ಮಾಲೀಕತ್ವದ ಕಾಯಿದೆ 1963ರದು; ಬಿಲ್ಡರ್ ಜಮೀನನ್ನು ಹಸ್ತಾಂತರ ಮಾಡಿಕೊಡದಿದ್ದರೆ ಸೊಸೈಟಿಯೇ ಸಹಕಾರ ಸಂಘಗಳ ಜಿಲ್ಲಾ ಉಪ ನಿಬಂಧಕರ ಬಳಿ ಅರ್ಜಿ ಹಾಕಿ ‘ಡೀಮ್ಡ್ ಕನ್ವೇಯನ್ಸ್’, ಅಂದರೆ ಬಿಲ್ಡರ್ ಮುಂದೆ ಬಾರದಿದ್ದರೂ ಆಗುವ ಹಸ್ತಾಂತರ, ಪಡೆಯಬಹುದು ಎಂಬ ದಾರಿ 2008ರ ತಿದ್ದುಪಡಿಯಿಂದ ತೆರೆಯಿತು. ಇಷ್ಟು ವರ್ಷ ಇಲ್ಲಿ ಇದ್ದೂ ನಮಗೆ ಅದು ಗೊತ್ತಿರಲಿಲ್ಲ.

ಅಪ್ಪನನ್ನು ಬಸ್ಸು ಹತ್ತಿಸಿದ ರಾತ್ರಿಯೇ ನಾನು ಸೊಸೈಟಿಯ ಕಾರ್ಯದರ್ಶಿಯವರ ಮನೆಗೆ ಹೋಗಿ ಕುಳಿತೆ. ಪ್ರತಿ ಫ್ಲ್ಯಾಟಿನ ನೋಂದಾಯಿತ ಕರಾರುಪತ್ರ, ಮಂಜೂರಾದ ನಕ್ಷೆ, ಸಾತ್‌ಬಾರಾ ಉತಾರಾ ಎಲ್ಲವನ್ನೂ ಸೇರಿಸುತ್ತಿದ್ದೇವೆ. ಬೇರೆ ಊರಿನಲ್ಲಿರುವ ಮೂವರು ಮಾಲೀಕರ ಪ್ರತಿಗಳು ಇನ್ನೂ ಬರಬೇಕಾಗಿದೆ.