ಅಂಗಡಿಗೆ ಹೋಗಿ ನೋಡಿ

ಕೇಳುಗರಿಗೆ ನಮಸ್ಕಾರ.

ನಾನು ಪ್ರಾಡಕ್ಟ್ ಮ್ಯಾನೇಜರ್. ಮಗನೋ ಮಗಳೋ ಬೆಂಗಳೂರಿನಲ್ಲಿ ಇದೇ ಕೆಲಸ ಮಾಡುತ್ತಿದ್ದರೂ ಅದೇನು ಕೆಲಸ ಅಂತ ಇನ್ನೂ ಗೊತ್ತಾಗದ ತಂದೆತಾಯಿ ಇದನ್ನು ಕೇಳುತ್ತಿರಬಹುದು. ಅವರಿಗೆ ಸುಲಭವಾಗಿ ಹೇಳುತ್ತೇನೆ. ನಿಮ್ಮ ಮೊಬೈಲ್ ಆ್ಯಪ್‌ನಲ್ಲಿ ಏನಿರಬೇಕು, ಏನು ಬೇಡ, ಯಾವುದು ಮೊದಲು ಬರಬೇಕು ಅಂತ ತೀರ್ಮಾನ ಮಾಡುವವರು ನಾವು. ಕೋಡ್ ಬರೆಯುವವರು ಬೇರೆ, ಮಾರುವವರು ಬೇರೆ.

ಆದರೆ ಇವತ್ತಿನ ಮಾತು ಮುಖ್ಯವಾಗಿ ಈ ಕೆಲಸದಲ್ಲಿ ಹತ್ತು ಹದಿನೈದು ವರ್ಷ ಕಳೆದವರಿಗೆ. ನೀವು ಸಿಕ್ಕಾಗಲೆಲ್ಲ ಕೇಳುವುದು ಒಂದೇ ಪ್ರಶ್ನೆ: ‘ಮೇಡಂ, ಮುಂದೆ ಯಾವ ಕೋರ್ಸ್ ಮಾಡಲಿ?’ ನನ್ನ ಉತ್ತರವೂ ಒಂದೇ. ನೀವು ಮಾಡಿದ್ದನ್ನು ಬಳಸುವವರ ಹತ್ತಿರ ಹೋಗಿ. ಅವರು ಬಳಸುವಾಗ ಪಕ್ಕದಲ್ಲಿ ಕೂತು ನೋಡಿ. ಈ ವೃತ್ತಿಯಲ್ಲಿ ಕಲಿಯುವ ಜಾಗ ಅದು.

ಈ ಕೆಲಸ ಹುಟ್ಟಿದ್ದೇ ಹಾಗೆ. 1931ರಲ್ಲಿ ಅಮೆರಿಕದ ಪ್ರಾಕ್ಟರ್ ಆ್ಯಂಡ್ ಗ್ಯಾಂಬಲ್ ಕಂಪನಿಯಲ್ಲಿ ನೀಲ್ ಮೆಕೆಲ್‌ರಾಯ್ ಎಂಬ ಯುವಕ ಕ್ಯಾಮೆ ಸೋಪಿನ ಜಾಹೀರಾತು ನೋಡಿಕೊಳ್ಳುತ್ತಿದ್ದರು. ಒಂದೊಂದು ಸೋಪಿನ ಪೂರ್ತಿ ಹೊಣೆ ಹೊರಲು ಒಬ್ಬೊಬ್ಬರು ಬೇಕು ಅಂತ ಅವರು ಮೇಲಿನವರಿಗೆ ಮೂರು ಪುಟದ ಟಿಪ್ಪಣಿ ಬರೆದರು. ನಮ್ಮ ಹುದ್ದೆಯ ಬೇರು ಅದು. ಸೋಪು ಸರಿಯಾಗಿ ಮಾರಾಟವಾಗದ ಕಡೆಗೆ ಆ ಮನುಷ್ಯ ತಾನೇ ಹೋಗಬೇಕು, ಅಂಗಡಿಯವರನ್ನೂ ಕೊಳ್ಳುವವರನ್ನೂ ಕಂಡು ತೊಂದರೆ ಏನು ಅಂತ ತಿಳಿಯಬೇಕು ಅಂತ ಆ ಟಿಪ್ಪಣಿಯಲ್ಲೇ ಇದೆ. ಮೆಕೆಲ್‌ರಾಯ್ ಮುಂದೆ ಆ ಕಂಪನಿಯ ಅಧ್ಯಕ್ಷರಾದರು, ಅಮೆರಿಕದ ರಕ್ಷಣಾ ಮಂತ್ರಿಯೂ ಆದರು.

ಈಗ ರಾಣೆಬೆನ್ನೂರಿನ ಕಥೆ ಹೇಳಲೇಬೇಕು. ಅಲ್ಲೊಂದು ಬೀಜ, ಗೊಬ್ಬರದ ಅಂಗಡಿ. ಅಂಗಡಿಯವರಿಗೆ ಬಿಲ್ ಮಾಡುವ ಸಾಫ್ಟ್‌ವೇರ್ ತಯಾರಿಸುವ ಕಂಪನಿಗೆ ನಾನು ಆಗಷ್ಟೇ ಸೇರಿದ್ದೆ. ಆಫೀಸಿನ ಗ್ರಾಫಿನಲ್ಲಿ ಒಂದು ವಿಚಿತ್ರ ಕಾಣುತ್ತಿತ್ತು. ಆ ಕಡೆಯ ಗೊಬ್ಬರದ ಅಂಗಡಿಗಳ ಬಿಲ್ಲೆಲ್ಲ ರಾತ್ರಿ ಒಂಬತ್ತರ ಮೇಲೆ ಒಟ್ಟಿಗೆ ಬರುತ್ತಿದ್ದವು. ಹಗಲು ನೆಟ್ ಸಿಗುವುದಿಲ್ಲವೇನೋ ಅಂದರು ಒಬ್ಬರು. ಸಂಜೆ ವ್ಯಾಪಾರ ಜಾಸ್ತಿ ಇರಬೇಕು ಅಂದರು ಇನ್ನೊಬ್ಬರು. ನಾನು ರೈಲು ಹತ್ತಿದೆ.

ಜೂನ್ ತಿಂಗಳು, ಬಿತ್ತನೆ ಸಮಯ. ಬೆಳಗ್ಗೆಯಿಂದಲೇ ಕಾಲಿಡಲು ಜಾಗವಿಲ್ಲ. ಡಿಎಪಿ, ಯೂರಿಯಾ ಚೀಲ ಟಂಟಂ ಆಟೋಗೆ ಏರುತ್ತಲೇ ಇವೆ. ಯಜಮಾನರು ಉದ್ದನೆಯ ಉದ್ರಿ ಪುಸ್ತಕದಲ್ಲಿ ಬರೆಯುತ್ತಲೇ ಇದ್ದಾರೆ. ಕಂಪ್ಯೂಟರ್ ಮೇಲೆ ಟವೆಲ್ ಹೊದಿಸಿದೆ. ರಾತ್ರಿ ಬಾಗಿಲು ಹಾಕಿದ ಮೇಲೆ ಅವರ ಮಗಳು ಬಂದು ಪುಸ್ತಕ ನೋಡಿಕೊಂಡು ಅಷ್ಟನ್ನೂ ಒಂದೊಂದಾಗಿ ಟೈಪ್ ಮಾಡಿದಳು.

ಹಗಲೇ ಯಾಕೆ ಮಾಡಬಾರದು ಅಂತ ಕೇಳಿದೆ. ಯಜಮಾನರು ಪರದೆ ತೋರಿಸಿದರು. ಉದ್ರಿ ಬಿಲ್ ಆದರೆ ಹಣ ಕೊಡುವ ತಾರೀಖು ತುಂಬಲೇಬೇಕು. ತುಂಬದಿದ್ದರೆ ಮುಂದಕ್ಕೆ ಹೋಗುವುದೇ ಇಲ್ಲ. ‘ಯಾವ ತಾರೀಕ್ ಹಾಕ್ಲಿ ಹೇಳ್ರಿ ಮೇಡಮ್ಮಾರ. ಗೋವಿನಜ್ವಾಳ ಮಾರಿದ ಮ್ಯಾಲೆ ಕೊಡ್ತಾರ. ಮಳಿ ಹೆಂಗಾಗತೈತಿ ಅಂತ ನನಗೇನ್ ಗೊತ್ತು?’

ರಾತ್ರಿ ಮಗಳು ಎಲ್ಲರಿಗೂ ಮಾರ್ಚ್ 31 ಅಂತ ಹಾಕುತ್ತಿದ್ದಳು. ಈ ರೈತರೆಲ್ಲ ಮಾರ್ಚ್ ಕೊನೆಗೆ ಹಣ ಕಟ್ಟುತ್ತಾರೆ ಅಂತ ನಂಬಿಕೊಂಡು ಇತ್ತ ನಮ್ಮ ಆಫೀಸಿನಲ್ಲಿ ಸಾಲದ ಯೋಜನೆಯೊಂದು ತಯಾರಾಗುತ್ತಿತ್ತು! ಕೋರ್ಸಿನಲ್ಲಿ ಇದು ಸಿಗುತ್ತದಾ? ಡ್ಯಾಶ್‌ಬೋರ್ಡ್, ಅಂದರೆ ಆಫೀಸಿನ ಆ ಗ್ರಾಫುಗಳ ಪರದೆ, ನೋಡಿದರೆ ತಿಳಿಯುತ್ತದಾ? ಅಲ್ಲಿ ಹೋಗಿ ಕೂತರೆ ಮಾತ್ರ ಸಿಗುವ ಪಾಠ ಇದು.

ಇನ್ನೊಂದು ಅಲ್ಲೇ ಕಂಡೆ. ಒಂದೇ ಊರಿನಲ್ಲಿ ಬಸಪ್ಪ ಅನ್ನುವವರು ಏಳೆಂಟು ಮಂದಿ. ನಮ್ಮ ಸಾಫ್ಟ್‌ವೇರ್ ಅವರನ್ನು ಮೊಬೈಲ್ ನಂಬರಿನಿಂದ ಗುರುತಿಸುತ್ತಿತ್ತು. ನಂಬರ್ ಕೇಳಿದರೆ ಒಬ್ಬರು ಮಗನದು ಕೊಡುತ್ತಾರೆ, ಇನ್ನೊಬ್ಬರಿಗೆ ನೆನಪೇ ಇಲ್ಲ. ಯಜಮಾನರ ಪುಸ್ತಕದಲ್ಲಿ ಮಾತ್ರ ಗೊಂದಲವೇ ಇರಲಿಲ್ಲ. ಕೆರೆ ಹೊಲದ ಬಸಪ್ಪ, ಗಿರಣಿ ಬಸಪ್ಪ, ಹಿರೇ ಬಸಪ್ಪ.

ವಾಪಸ್ ಬಂದು ತಾರೀಖು ತೆಗೆಸಿ ಮುಂಗಾರು, ಹಿಂಗಾರು ಅಂತ ಹಂಗಾಮು ಹಾಕಿಸಿದೆವು. ಹೆಸರಿನ ಪಕ್ಕ ಗುರುತು ಬರೆಯಲು ಒಂದು ಜಾಗ ಕೊಟ್ಟೆವು. ಮುಂದಿನ ಬಿತ್ತನೆಗೆ ಮತ್ತೆ ಹೋದಾಗ ಉದ್ರಿ ಪುಸ್ತಕ ಇನ್ನೂ ಗಲ್ಲಾದ ಮೇಲೇ ಇತ್ತು. ಆದರೆ ಕಂಪ್ಯೂಟರಿನ ಟವೆಲ್ ತೆಗೆದಿದ್ದರು. ನನ್ನ ಕೆಲಸದಲ್ಲಿ ಅಷ್ಟು ಖುಷಿ ಕೊಟ್ಟ ನೋಟ ಕಡಿಮೆ.

ಈ ಕಥೆಗೇ ಸಮಯ ಹೋಯಿತು, ಉಳಿದದ್ದನ್ನು ಬೇಗ ಹೇಳುತ್ತೇನೆ.

ಕೀನ್ಯಾದಲ್ಲಿ 2007ರಲ್ಲಿ ಶುರುವಾದ ಎಂ-ಪೆಸಾ ನಿಮಗೆ ಗೊತ್ತಿರಬಹುದು. ಮೊಬೈಲ್‌ನಲ್ಲೇ ಹಣ ಕಳಿಸುವ ವ್ಯವಸ್ಥೆ. ಮೊದಲು ಅದನ್ನು ಯೋಚಿಸಿದ್ದು ಸಣ್ಣ ಸಾಲದ ಕಂತು ಕಟ್ಟಲು. ಪ್ರಯೋಗ ಮಾಡಿ ನೋಡಿದಾಗ ಜನ ಒಬ್ಬರಿಗೊಬ್ಬರು ಹಣ ಕಳಿಸಿಕೊಳ್ಳುತ್ತಿದ್ದರು. ನೋಡುವವರು ಅಲ್ಲಿದ್ದರು, ಕಂಡರು, ಬದಲಾಯಿಸಿದರು. ಅಷ್ಟೇ.

ನಮ್ಮ ವೃತ್ತಿಯಲ್ಲಿ ಹತ್ಯಾರಗಳು ಬದಲಾಗುತ್ತಲೇ ಇರುತ್ತವೆ. ಸಿ.ಡಿ. ಹೋಗಿ ಸ್ಮಾರ್ಟ್‌ಫೋನ್ ಬಂತು, 2016ರಲ್ಲಿ ಯುಪಿಐ ಬಂತು, 2022ರ ಕೊನೆಗೆ ಚಾಟ್‌ಜಿಪಿಟಿ ಬಂತು. ಕಲಿಯಿರಿ, ಬೇಡ ಅನ್ನುವುದಿಲ್ಲ. ಹತ್ಯಾರ ಕಲಿಯಲು ಕೆಲವು ವಾರ ಸಾಕು. ನನಗೆ ಚಿಂತೆ ಇರುವುದು ಬಡ್ತಿ ಸಿಕ್ಕವರ ಬಗ್ಗೆ. ಡೈರೆಕ್ಟರ್ ಆದ ಕೂಡಲೇ ದಿನವೆಲ್ಲ ಮೀಟಿಂಗ್. ಬಳಸುವವರ ಮುಖ ನೋಡಿ ವರ್ಷವಾಗಿರುತ್ತದೆ. ಕಿರಿಯರನ್ನು ಕಳಿಸಿ ವರದಿ ತರಿಸಿಕೊಳ್ಳುತ್ತಾರೆ. ಈಗಂತೂ ಗ್ರಾಹಕರ ಫೋನ್ ಕರೆಗಳ ಸಾರಾಂಶವನ್ನು ಎಐ ಮಾಡಿಕೊಡುತ್ತದೆ. ದಯವಿಟ್ಟು ಒಂದು ಕರೆಯನ್ನಾದರೂ ಮೊದಲಿಂದ ಕೊನೆತನಕ ನೀವೇ ಕೇಳಿ. ‘ಅದು ಇರ್ಲಿ ಬಿಡ್ರಿ’ ಅಂತ ಗ್ರಾಹಕರು ಎಲ್ಲಿ ಸುಮ್ಮನಾದರು ಅನ್ನುವುದು ಸಾರಾಂಶದಲ್ಲಿ ಬರುವುದಿಲ್ಲ.

ಎಲ್ಲಿಗೆ ಹೋಗುವುದು ಅಂತ ಗೊತ್ತಾಗದಿದ್ದರೆ ನಿಮ್ಮ ಕಸ್ಟಮರ್ ಸಪೋರ್ಟ್‌ನವರನ್ನು ಕೇಳಿ. ಯಾರು ಪದೇ ಪದೇ ಫೋನ್ ಮಾಡುತ್ತಾರೆ ಅಂತ ಅವರಿಗೆ ಬಾಯಿಪಾಠ ಇರುತ್ತದೆ. ಅಂಥ ಒಬ್ಬರ ವಿಳಾಸ ತಗೊಳ್ಳಿ, ಮೊದಲೇ ಕೇಳಿಕೊಂಡು ಹೋಗಿ. ಲ್ಯಾಪ್‌ಟಾಪ್ ಬ್ಯಾಗಿನಲ್ಲೇ ಇರಲಿ. ಏನನ್ನೂ ವಿವರಿಸಬೇಡಿ, ಸುಮ್ನೆ ನೋಡಿ.

ನಮಸ್ಕಾರ.