ಬಿರುಕನ್ನು ಮುಚ್ಚಿಸುವ ಮೊದಲು

ಕೇಳುಗರಿಗೆ ನಮಸ್ಕಾರ.

ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ ಕಲಬುರಗಿಯ ನಮ್ಮ ಮನೆಯ ಹಿತ್ತಿಲ ಕಡೆಗೆ ಒಂದು ಕೋಣೆ, ಒಂದು ಸಣ್ಣ ಅಡುಗೆಮನೆ ಕಟ್ಟಿಸಿದೆವು. ಮಗನ ಮದುವೆ ಗೊತ್ತಾಗಿತ್ತು. ಕಟ್ಟಿದ ಗುತ್ತೇದಾರರು ನಮ್ಮ ಓಣಿಯವರೇ; ಅವರ ಮಗಳು ನನ್ನ ಹತ್ತಿರ ವಿಜ್ಞಾನ ಕಲಿತವಳು. ಗುರುತಿನವರು ಎಂಬ ಕಾರಣಕ್ಕೆ ಕರಾರು ಬರೆಸಲಿಲ್ಲ. ಚದರಡಿಗೆ ಇಷ್ಟು, ಸಾಮಾನು ಅವರದೇ ಎಂದು ಮಾತಾಯಿತು. ಕೊಟ್ಟ ಹಣವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು ಅವರಿಂದ ಸಹಿ ಮಾಡಿಸಿಕೊಳ್ಳುತ್ತಿದ್ದೆ, ಅಷ್ಟೇ.

ಮೊದಲ ಮಳೆಗೇ ಛಾವಣಿಯ ಒಂದು ಮೂಲೆ ಒದ್ದೆಯಾಯಿತು. ಎಳ್ಳ ಅಮಾವಾಸ್ಯೆಯ ಹೊತ್ತಿಗೆ ಹಳೆಯ ಗೋಡೆಗೆ ಹೊಸ ಗೋಡೆ ಕೂಡುವಲ್ಲಿ, ನೆಲದಿಂದ ಮೇಲಿನವರೆಗೆ, ದಾರ ಎಳೆದಂತೆ ಬಿರುಕು ಬಂತು. ಗುತ್ತೇದಾರರನ್ನು ಕರೆಸಿದೆ. "ಅಕ್ಕಾವರೇ, ಹೊಸ ಕಟ್ಟಡಕ್ಕೆ ಇಷ್ಟು ಇದ್ದೇ ಇರುತ್ತದೆ" ಎಂದು ಹೇಳಿ, ಮರುದಿನ ಆಳು ಕಳಿಸಿ ಸಿಮೆಂಟ್ ತುಂಬಿಸಿ ಬಣ್ಣ ಹೊಡೆಸಿದರು. ನಾನು ಅವರಿಗೆ ಚಹಾ ಕೊಟ್ಟು ಕಳಿಸಿದೆ. ಇವತ್ತು ಮಾತನಾಡಲು ಬಂದಿರುವುದು ಆ ಬಣ್ಣದ ಬಗ್ಗೆ. ಏಪ್ರಿಲಿನಲ್ಲಿ ಅದೇ ಜಾಗ ಮತ್ತೆ ಬಾಯಿ ಬಿಟ್ಟಿತು, ಈ ಸಲ ಬೆರಳಿನ ತುದಿ ಹೋಗುವಷ್ಟು. ಬಿರುಕು ಯಾಕೆ ಬಂತೆಂದು ತಿಳಿಯುವ ಮೊದಲೇ ಅದನ್ನು ಮುಚ್ಚಿಸಿದ್ದರಿಂದ ಕಾರಣವೂ ಮುಚ್ಚಿಹೋಗಿತ್ತು, ನನ್ನ ಕೈಯಲ್ಲಿದ್ದ ಸಾಕ್ಷಿಯೂ ಮುಚ್ಚಿಹೋಗಿತ್ತು.

ಕಾರಣ ನಮ್ಮ ಕಾಲ ಕೆಳಗೇ ಇದೆ. ನಮ್ಮದು ಎರೆ ಭೂಮಿ, ಅಂದರೆ ಕಪ್ಪು ಜೇಡಿಮಣ್ಣು. ಬೇಸಿಗೆಯಲ್ಲಿ ತೊಗರಿ ಹೊಲಕ್ಕೆ ಹೋದವರೆಲ್ಲ ನೋಡಿದ್ದೀರಿ, ಕೈ ಇಳಿಯುವಷ್ಟು ಬಾಯಿ ತೆರೆದಿರುತ್ತದೆ. ಮಳೆ ಬಿದ್ದರೆ ಅದೇ ಮಣ್ಣು ಉಬ್ಬಿ ಕೂಡಿಕೊಳ್ಳುತ್ತದೆ. ತೇವ ಹಿಡಿದಿಟ್ಟುಕೊಂಡು ತೊಗರಿಯನ್ನು ಬದುಕಿಸುವ ಗುಣವೇ ಮನೆಯ ಪಾಯಕ್ಕೆ ಶತ್ರು. ಪಾಯ ಈ ಮಣ್ಣಿನಲ್ಲೇ ನಿಂತರೆ ವರ್ಷಕ್ಕೊಮ್ಮೆ ಗೋಡೆಯನ್ನು ಎತ್ತಿ ಇಳಿಸುತ್ತದೆ. ನಮ್ಮ ಹಿರಿಯರು ಮುರುಮು, ಅಂದರೆ ಎರೆಯ ಕೆಳಗಿನ ಗಟ್ಟಿ ಗರಸು ಮಣ್ಣು, ಸಿಗುವವರೆಗೆ ಅಗೆಸಿ ಪಾಯ ಹಾಕುತ್ತಿದ್ದುದು ಅದಕ್ಕೇ. ಮನೆಗೆ ಕೋಣೆ ಕೂಡಿಸುವಾಗ ಈ ತೊಂದರೆ ಎರಡು ಪಟ್ಟಾಗುತ್ತದೆ: ಹಳೆಯ ಮನೆ ಕೂರಬೇಕಾದಷ್ಟು ಕೂತು ಎಷ್ಟೋ ವರ್ಷಗಳಾಗಿರುತ್ತವೆ, ಹೊಸದು ಇನ್ನೂ ಕೂರಬೇಕು. ಎರಡನ್ನೂ ಬಿಗಿಯಾಗಿ ಸೇರಿಸಿ ಕಟ್ಟಿದರೆ ಅವು ಸೇರುವಲ್ಲೇ ಸೀಳುತ್ತವೆ. ನಡುವೆ ಸಂದು ಬಿಟ್ಟು, ಹಿಗ್ಗಿ ಕುಗ್ಗುವ ವಸ್ತುವಿನಿಂದ ಅದನ್ನು ತುಂಬಬೇಕಿತ್ತು. ನಮ್ಮಲ್ಲಿ ಹಾಗೆ ಮಾಡಿರಲಿಲ್ಲ.

ಎರಡನೆಯ ಸಲ ನಾನು ಆಳನ್ನು ಒಳಗೆ ಬಿಡಲಿಲ್ಲ. ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಿಂದ ಗೆರೆ ಹಾಕಿ ತಾರೀಖು ಬರೆದೆ. ಅದರ ಮೇಲೆ ಅಡ್ಡವಾಗಿ ತೆಳುವಾದ ಗಾಜಿನ ಪಟ್ಟಿಯೊಂದನ್ನು ಎರಡೂ ಕಡೆ ಸಿಮೆಂಟಿನಿಂದ ಅಂಟಿಸಿದೆ. ಗೋಡೆ ಅಲುಗುತ್ತಿದ್ದರೆ ಗಾಜು ಒಡೆಯುತ್ತದೆ. ಇದು ಎಂಜಿನಿಯರುಗಳ ಹಳೆಯ ಪದ್ಧತಿ. ಹದಿನೆಂಟನೆಯ ದಿನ ಒಡೆಯಿತು. ಎಲ್ಲ ಬಿರುಕಿಗೂ ಹೀಗೆ ಹೆದರಬೇಕಾಗಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಗಿಲಾವಿನ (ಪ್ಲಾಸ್ಟರಿನ) ಮೇಲೆ ಬಲೆಯಂತೆ ಹರಡಿದ ಕೂದಲೆಳೆಯ ಗೀರುಗಳು ಸಾಮಾನ್ಯವಾಗಿ ಗಿಲಾವು ಬೇಗ ಒಣಗಿದ್ದರ ಗುರುತು. ಕಿಟಕಿಯ ಮೂಲೆಯಿಂದ ಓರೆಯಾಗಿ ಏರುವ ಬಿರುಕು, ಬೇಸಿಗೆಯಲ್ಲಿ ಅಗಲವಾಗಿ ಮಳೆಗೆ ಕೂಡುವ ಬಿರುಕು, ಇವು ಮಾತ್ರ ನೆಲದ ಸುದ್ದಿ ಹೇಳುತ್ತವೆ.

ಛಾವಣಿಯದು ಬೇರೆ ಕಥೆ, ಅದರಲ್ಲಿ ನಮ್ಮ ತಪ್ಪೂ ಇದೆ. ಕಾಂಕ್ರೀಟ್ ಕೆಲಸಕ್ಕೆ ಇರುವ ಭಾರತೀಯ ಮಾನಕ ಐಎಸ್ 456ರ ಪ್ರಕಾರ ಬಿಸಿಲೂ ಒಣಹವೆಯೂ ಇರುವಲ್ಲಿ ಕಾಂಕ್ರೀಟನ್ನು ಕನಿಷ್ಠ 10 ದಿನ ಎಡೆಬಿಡದೆ ಒದ್ದೆಯಾಗಿಡಬೇಕು. ಹಾರುಬೂದಿ ಬೆರೆತ ಸಿಮೆಂಟ್ ಆದರೆ 14 ದಿನಕ್ಕೆ ಹೆಚ್ಚಿಸುವುದು ಒಳ್ಳೆಯದು. ನಲವತ್ತು ಡಿಗ್ರಿ ದಾಟುವ ನಮ್ಮ ಏಪ್ರಿಲಿನಲ್ಲಿ ದಿನಕ್ಕೆರಡು ಸಲ ಪೈಪಿನಿಂದ ನೀರು ಹೊಡೆದರೆ ಗಂಟೆಯೊಳಗೆ ಆರಿಹೋಗುತ್ತದೆ. ಅಂಚಿಗೆ ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸಬೇಕು. ನಮ್ಮಲ್ಲಿ ಟ್ಯಾಂಕರ್ ಬಂದದ್ದು ನಾಲ್ಕೇ ದಿನ. ಮದುವೆಯ ತಾರೀಖು ಹತ್ತಿರ ಬಂತು, ಸ್ಲ್ಯಾಬಿನ ಕೆಳಗೆ ಆಧಾರ ಕೊಟ್ಟ ಸೆಂಟ್ರಿಂಗ್ ಬೇಗ ಬಿಚ್ಚಿ ಎಂದು ಅವಸರ ಮಾಡಿದವರು ನಾವೇ. ಅದೇ ಮಾನಕದಲ್ಲಿ, ಆಸರೆಯಿಂದ ಆಸರೆಗೆ ನಾಲ್ಕೂವರೆ ಮೀಟರಿಗಿಂತ ಹೆಚ್ಚು ಅಂತರವಿರುವ ಸ್ಲ್ಯಾಬಿನ ಆಧಾರದ ಕಂಬಗಳನ್ನು 14 ದಿನ, ಅದಕ್ಕಿಂತ ಕಡಿಮೆಯಿದ್ದರೆ 7 ದಿನ ತೆಗೆಯಬಾರದೆಂದಿದೆ. ಕಾಂಕ್ರೀಟ್ ಕಲಸುವಾಗ ಸುಲಭವಾಗಿ ಹರಿಯಲೆಂದು ಕೊಡಗಟ್ಟಲೆ ನೀರು ಸುರಿಯುವುದನ್ನೂ ಸುಮ್ಮನೆ ನೋಡುತ್ತ ನಿಂತಿದ್ದೆವು. ಎಂ 20 ಎಂಬ ದರ್ಜೆಯ ಕಾಂಕ್ರೀಟ್ ಮಿಶ್ರಣಕ್ಕೆ 50 ಕಿಲೋ ಸಿಮೆಂಟ್ ಚೀಲವೊಂದಕ್ಕೆ ನೀರು 30 ಲೀಟರ್ ದಾಟಬಾರದು. ಸೋರಿದಾಗ ಮಾತ್ರ ಎಲ್ಲರೂ ಸಿಮೆಂಟ್ ಕಳಪೆ ಎಂದರು. ಸೇಡಂ, ವಾಡಿಯ ಕಾರ್ಖಾನೆಗಳಿಂದ ದೇಶಕ್ಕೆಲ್ಲ ಸಿಮೆಂಟ್ ಕಳಿಸುವ ಜಿಲ್ಲೆಯಲ್ಲಿ ಕೂತು ಇಷ್ಟು ಸಲೀಸಾಗಿ ಚೀಲದ ಮೇಲೆ ತಪ್ಪು ಹೊರಿಸುವುದು ನನಗೆ ಸರಿ ಕಾಣುವುದಿಲ್ಲ. ಸುಡುಬಿಸಿಲಿನಲ್ಲಿ ದಿನಗೂಲಿಗೆ ದುಡಿಯುವ ಗವಂಡಿಯ ಮೇಲೂ ಹೊರಿಸಬಾರದು. ಎಷ್ಟು ನೀರು, ಎಷ್ಟು ಆಳ ಎಂದು ತೀರ್ಮಾನಿಸುವವನು ಅವನಲ್ಲ.

ಈಗ ಕಷ್ಟದ ಮಾತು. ಪತ್ರ ಬರೆಯಲು ನನಗೆ ಹನ್ನೆರಡು ದಿನ ಹಿಡಿಯಿತು. ಎದುರಾದರೆ ನಮಸ್ಕಾರ ಮಾಡುವವರಿಗೆ ನೋಟಿಸು ಕಳಿಸುವುದು ಹೇಗೆ? ಮುಖದಾಕ್ಷಿಣ್ಯ ನಮ್ಮನ್ನು ಕಟ್ಟಿಹಾಕುತ್ತದೆ. ಕೊನೆಗೆ ಬರೆದೆ. ಒಂದೂ ಬಿರುಸು ಮಾತಿಲ್ಲದೆ, ಕೆಲಸ ಶುರುವಾದ ದಿನ, ಕೊಟ್ಟ ಹಣ, ಬಿರುಕು ಕಂಡ ದಿನ, ಗಾಜು ಒಡೆದ ದಿನ, ಇಷ್ಟೇ. ಪಾಯ ಅಗೆದಾಗ ಮಗ ಮೊಬೈಲಿನಲ್ಲಿ ತೆಗೆದ ಚಿತ್ರವನ್ನೂ ಜೊತೆಗಿಟ್ಟೆ. ಗುಂಡಿಯ ತಳ ಕಪ್ಪಗಿರುವುದು ಅದರಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಹದಿನೈದು ದಿನದೊಳಗೆ ಬಂದು ನೋಡಬೇಕೆಂದು ಕೇಳಿ, ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಂಡೆ.

ಅವರು ಬಾರದಿದ್ದರೆ ಮುಂದಿನ ದಾರಿಯೂ ಗೊತ್ತಿತ್ತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಮನೆ ಕಟ್ಟುವ ಕೆಲಸವೂ ಸೇವೆಯೇ. ಲೋಪ ಕಂಡ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವಕೀಲರಿಲ್ಲದೆ ನಾವೇ ನಿಂತು ಹೇಳಬಹುದು. ಮೊದಲು ಸಲಹೆ ಬೇಕಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಆದರೆ ದಿನಗೂಲಿಗೆ ಆಳು ಹಚ್ಚಿ ನಾವೇ ಹೇಳಿ ಮಾಡಿಸಿದ ಕೆಲಸಕ್ಕೆ ಈ ದೂರು ನಿಲ್ಲುವುದು ಕಷ್ಟ. ಸಾಮಾನು ಸಹಿತ ಗುತ್ತಿಗೆ ಕೊಟ್ಟವರಿಗೆ ಇದು ಗಟ್ಟಿ ಆಸರೆ.

ಗುತ್ತೇದಾರರು ಒಂಬತ್ತನೆಯ ದಿನ ಬಂದರು. ಮುಖ ಗಂಟಿಕ್ಕಿತ್ತು. ನಾನು ಬೇರೊಬ್ಬ ಎಂಜಿನಿಯರನ್ನು ಶುಲ್ಕ ಕೊಟ್ಟು ಕರೆಸಿದ್ದೆ. ಹೊಸ ಗೋಡೆಯ ಮೂಲೆಯಲ್ಲಿ ಗುಂಡಿ ತೋಡಿಸಿದೆವು. ಪಾಯ ಮೂರೂವರೆ ಅಡಿಗೇ ಮುಗಿದಿತ್ತು, ಕೆಳಗೆ ಬರೀ ಎರೆ ಮಣ್ಣು. ಮುರುಮು ಸಿಕ್ಕಿದ್ದು ಇನ್ನೂ ಮೂರಡಿ ಕೆಳಗೆ. ಗುತ್ತೇದಾರರು ಗುಂಡಿಯೊಳಗೆ ಇಳಿದು ಮಣ್ಣನ್ನು ಕೈಯಲ್ಲಿ ಹಿಚುಕಿ ನೋಡಿದರು. ಆಮೇಲೆ ವಾದ ಮಾಡಲಿಲ್ಲ. ಕೂಲಿ ಅವರದು, ಸಾಮಾನಿನ ಅರ್ಧ ಖರ್ಚು ನಮ್ಮದು ಎಂದು ಆ ದಿನವೇ ಕಾಗದದಲ್ಲಿ ಬರೆದು ಇಬ್ಬರೂ ಸಹಿ ಮಾಡಿದೆವು.

ಪಾಯದಡಿ ಒಮ್ಮೆಗೆ ನಾಲ್ಕಡಿಯಂತೆ, ಒಂದು ಬಿಟ್ಟು ಒಂದು ತುಂಡನ್ನು ಮುರುಮಿನವರೆಗೆ ಅಗೆದು ಕಾಂಕ್ರೀಟ್ ತುಂಬಿದರು. ಒಮ್ಮೆಲೇ ಉದ್ದಕ್ಕೆ ಅಗೆದರೆ ಗೋಡೆಯೇ ಕುಸಿಯುತ್ತದೆ. ಹೊಸ ಗೋಡೆಯನ್ನು ಹಳೆಯದರಿಂದ ಬಿಡಿಸಿ ಸಂದು ಮಾಡಿದರು. ಮಳೆನೀರು ಪಾಯಕ್ಕೆ ಇಳಿಯದಂತೆ ಸುತ್ತಲೂ ಶಹಾಬಾದ ಫರಸಿಯನ್ನು ಹೊರಗಡೆಗೆ ಇಳಿಜಾರಾಗಿ ಹಾಸಿದರು. ಛಾವಣಿಯ ಮೇಲೆ ಎರಡು ದಿನ ನೀರು ಕಟ್ಟಿ, ಸೋರುವ ಜಾಗ ಹುಡುಕಿ ಸರಿಪಡಿಸಿದ ಮೇಲೆಯೇ ಉಳಿದ ಹಣ ಕೊಟ್ಟೆ.

ಹೊಸ ಗೋಡೆಯಲ್ಲಿ ಕಿಟಕಿಯ ಪಕ್ಕದ ಗೀರೊಂದರ ಮೇಲೆ ಇನ್ನೊಂದು ಗಾಜಿನ ಪಟ್ಟಿ ಅಂಟಿಸಿ ತಾರೀಖು ಬರೆದಿದ್ದೇನೆ. ಒಂದು ಮಳೆಗಾಲ, ಒಂದು ಚಳಿಗಾಲ ದಾಟಿತು, ಒಡೆದಿಲ್ಲ. ಸೊಸೆ ಬಣ್ಣ ಹೊಡೆಸೋಣವೆನ್ನುತ್ತಾಳೆ. ಈ ಬೇಸಿಗೆ ಮುಗಿಯಲಿ ಎಂದಿದ್ದೇನೆ.

ನಮಸ್ಕಾರ.