ಮಾವ ನೋಡುವ ಯುದ್ಧದ ಸಿನಿಮಾ

ಕೇಳುಗರಿಗೆ ನಮಸ್ಕಾರ.

ಜುಲೈ 26, ಕಾರ್ಗಿಲ್ ವಿಜಯ ದಿವಸ. ಆ ದಿನ ಟಿವಿಯಲ್ಲಿ ಯುದ್ಧದ ಸಿನಿಮಾ ಇದ್ದೇ ಇರುತ್ತದೆ. ನಮ್ಮ ಕೊಡಗಿನಲ್ಲಿ ಅದು ಕಕ್ಕಡ ತಿಂಗಳ ಜಡಿಮಳೆಯ ಹೊತ್ತು. ಸಿನಿಮಾ ಮುಗಿಯುವವರೆಗೆ ಕರೆಂಟ್ ಇರುತ್ತದೋ ಇಲ್ಲವೋ, ಅದು ಬೇರೆ ಮಾತು.

ಕಳೆದ ವರ್ಷ ಆ ದಿನ ಸೋಮವಾರಪೇಟೆ ಕಡೆ ನಮ್ಮ ಮಾವನ ಮನೆಯಲ್ಲಿದ್ದೆ. ಮಾವ ಹವಾಲ್ದಾರ್ ಆಗಿ ಪೆನ್ಶನ್ ಬಂದವರು. 1971ರಲ್ಲಿ ರಾಜಸ್ಥಾನದ ಗಡಿಯಲ್ಲಿದ್ದರು, ಆಮೇಲೆ ಲಡಾಖ್. ಟಿವಿಯಲ್ಲಿ ‘ಬಾರ್ಡರ್’ ಬರುತ್ತಿತ್ತು. 1997ರ ಸಿನಿಮಾ. ಮಾವ ಎಷ್ಟು ಸಲ ನೋಡಿದ್ದಾರೋ ಲೆಕ್ಕವಿಲ್ಲ. ಸರಿಯಾಗಿ ಟ್ಯಾಂಕುಗಳು ಬರುವಾಗ ಕರೆಂಟ್ ಹೋಯಿತು.

“ಒಳ್ಳೇದಾಯ್ತು ಬಿಡು. ಇನ್ನು ಬೆಳಗಿನ ತನಕ ಬರೀ ಕಿರುಚಾಟ” ಎಂದರು.

ಸಿನಿಮಾದ ಕಥೆ 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯ ಲೋಂಗೇವಾಲಾ ಠಾಣೆಯದ್ದು. ಡಿಸೆಂಬರ್ 4ರ ರಾತ್ರಿ. ಮೇಜರ್ ಕುಲದೀಪ್ ಸಿಂಗ್ ಚಾಂದ್‌ಪುರಿ ಅವರ ಜೊತೆ ಪಂಜಾಬ್ ರೆಜಿಮೆಂಟಿನ ನೂರ ಚಿಲ್ಲರೆ ಜನ. ಎದುರಿಗೆ ಪಾಕಿಸ್ತಾನದ ಟ್ಯಾಂಕ್ ಪಡೆ. ಜೈಸಲ್ಮೇರಿನಲ್ಲಿದ್ದ ನಮ್ಮ ಹಂಟರ್ ವಿಮಾನಗಳಿಗೆ ಕತ್ತಲಲ್ಲಿ ದಾಳಿ ಮಾಡಲು ಆಗುತ್ತಿರಲಿಲ್ಲ. ಬೆಳಕು ಹರಿಯುವ ತನಕ ಠಾಣೆ ಬಿಡದೆ ನಿಲ್ಲಬೇಕಿತ್ತು, ನಿಂತರು. ಸಿನಿಮಾದಲ್ಲಿ ನಮ್ಮವರು ಒಬ್ಬರ ಹಿಂದೆ ಒಬ್ಬರು ಸಾಯುತ್ತಾರೆ. ನಿಜದಲ್ಲಿ ಆ ಠಾಣೆಯಲ್ಲಿ ಪ್ರಾಣ ಕೊಟ್ಟವರು ಇಬ್ಬರು.

“ಇಬ್ಬರು ಅಂದ್ರೆ ಕಡಿಮೆಯಾ?” ಎಂದು ಮಾವ ಕೇಳಿದರು. ಸಿನಿಮಾದವರಿಗೆ ಕಡಿಮೆ ಅನ್ನಿಸಿರಬೇಕು.

ಮಾವ ಇದ್ದದ್ದು ಬೇರೆ ಕಡೆ. ಆ ರಾತ್ರಿ ಏನು ಮಾಡುತ್ತಿದ್ದಿರಿ ಎಂದು ಕೇಳಿದೆ.

“ಕೂತಿದ್ದೆವು. ಡಿಸೆಂಬರ್ ರಾತ್ರಿ ಮರಳು ಐಸ್ ಆಗಿರುತ್ತೆ ಮಾರಾಯ. ಗುಂಡು ಹಾರಿಸಿದ್ದಕ್ಕಿಂತ ಕೂತದ್ದೇ ಜಾಸ್ತಿ.”

ಲಡಾಖಿನ ನೆನಪಂತೂ ಪೂರ್ತಿ ಕಾಲಿನದ್ದು. ಒದ್ದೆ ಸಾಕ್ಸ್ ಹಾಗೇ ಬಿಟ್ಟರೆ ಬೆರಳು ಮರಗಟ್ಟುತ್ತದೆ, ಕಪ್ಪಾಗುತ್ತದೆ, ಆಮೇಲೆ ಕತ್ತರಿಸಬೇಕು. ಅವರ ಜೊತೆಗಾರನೊಬ್ಬ ಹಾಗೆ ಎರಡು ಬೆರಳು ಕಳೆದುಕೊಂಡ. ಅದಕ್ಕೇ ಒಂದು ಜೊತೆ ಕಾಲಿಗೆ, ಇನ್ನೊಂದು ಜೊತೆ ಅಂಗಿಯೊಳಗೆ, ಹೊಟ್ಟೆಗೆ ಅಂಟಿಕೊಂಡ ಹಾಗೆ. ಮೈಯ ಬಿಸಿಗೇ ಒಣಗಬೇಕು.

“ಯಾವ ಹೀರೋ ಆದ್ರೂ ಸಾಕ್ಸ್ ಬದಲಾಯಿಸಿದ್ದನ್ನ ನೋಡಿದ್ದೀಯಾ ನೀನು?”

ನಾನು ನೋಡಿಲ್ಲ. ನೀವು ನೋಡಿದ್ದೀರಾ?

ಅವರಿಗೆ ಇಷ್ಟದ ಸಿನಿಮಾ ಮಾತ್ರ ನಮ್ಮದೇ ‘ಮುತ್ತಿನ ಹಾರ’. 1990ರದ್ದು, ರಾಜೇಂದ್ರ ಸಿಂಗ್ ಬಾಬು ನಿರ್ದೇಶನ. ವಿಷ್ಣುವರ್ಧನ್ ಕೊಡಗಿನ ಸಿಪಾಯಿ, ಸುಹಾಸಿನಿ ನರ್ಸ್. ಬಾಲಮುರಳಿಕೃಷ್ಣ ಅವರು ಹಾಡಿದ ಹಾಡು ಬಂದರೆ ನಾನಂತೂ ಕೈಯಲ್ಲಿದ್ದ ಕೆಲಸ ಬಿಡುತ್ತೇನೆ. ಮಾವನಿಗೆ ಇಷ್ಟವಾಗಲು ಕಾರಣ ಬೇರೆ. “ಅದರಲ್ಲಿ ಹೆಂಡತಿಗೂ ಯುದ್ಧ ಉಂಟು” ಅಂತಾರೆ. ಅತ್ತೆ ಒಳಗಿಂದಲೇ, “ಸುಮ್ನೆ ಹೇಳೋದು, ವಿಷ್ಣು ಇದ್ದಾನೆ ಅಂತ ನೋಡೋದು” ಎಂದರು.

‘ಸ್ಕೈ ಫೋರ್ಸ್’ ಮಾತೂ ಬಂತು. 2025ರ ಸಿನಿಮಾ. ಮೊಮ್ಮಗ ಮೊಬೈಲಿನಲ್ಲಿ ತೋರಿಸಿದ್ದನಂತೆ. ಪಾತ್ರದ ಹೆಸರು ಬೇರೆ, ಆದರೆ ಅದು ನಮ್ಮ ಸ್ಕ್ವಾಡ್ರನ್ ಲೀಡರ್ ಎ. ಬಿ. ದೇವಯ್ಯ ಅವರ ಕಥೆ ಎಂದು ಕೊಡಗಿನವರಿಗೆ ಯಾರೂ ಹೇಳಬೇಕಾಗಿಲ್ಲ. ಮಡಿಕೇರಿಯಲ್ಲಿ ಅವರ ಪ್ರತಿಮೆ ಇದೆ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ನಡೆದ ದಾಳಿಗೆ ಅವರು ಹೊರಟದ್ದು ಮಿಸ್ಟೇರ್ ವಿಮಾನದಲ್ಲಿ. ಎದುರಾದದ್ದು ಅದಕ್ಕಿಂತ ಎಷ್ಟೋ ವೇಗದ ಪಾಕಿಸ್ತಾನಿ ಸ್ಟಾರ್‌ಫೈಟರ್ ವಿಮಾನ. ಅದನ್ನು ಕೆಡವಿದರು, ತಾವು ವಾಪಸ್ ಬರಲಿಲ್ಲ. ಏನಾಯಿತೆಂದು ಇಲ್ಲಿ ವರ್ಷಗಟ್ಟಲೆ ತಿಳಿಯಲಿಲ್ಲ. ಮಹಾವೀರ ಚಕ್ರ ಬಂದದ್ದು 1988ರಲ್ಲಿ.

ಮಾವ ಬೆರಳು ಮಡಚಿ ಲೆಕ್ಕ ಹಾಕಿದರು. “ಇಪ್ಪತ್ಮೂರು ವರ್ಷ. ವಿಮಾನ ಹಾರಿಸಿದ್ದನ್ನ ತೋರಿಸಬಹುದು. ಮನೆಯವರು ಕಾದದ್ದನ್ನ ಹೇಗೆ ತೋರಿಸ್ತಾರೆ?”

ಅಷ್ಟರಲ್ಲಿ ಕರೆಂಟ್ ಬಂತು. ಟಿವಿಯಲ್ಲಿ ಬೆಳಗಾಗಿತ್ತು, ವಿಮಾನಗಳು ಬಂದಿದ್ದವು. ಮಾವ ಆ ಕಡೆ ನೋಡದೆ ಎದ್ದು ಅಡುಗೆಮನೆಗೆ ಹೋದರು. ಒಲೆಯ ಮೇಲಿನ ಹಗ್ಗದಲ್ಲಿ ನನ್ನ ಸಾಕ್ಸ್ ನೇತಾಡುತ್ತಿದ್ದವು. ಒಂದೊಂದನ್ನೇ ಹಿಂಡಿ ನೋಡಿದರು, ತಿರುವಿ ಹಾಕಿದರು.

“ಇನ್ನೂ ಹಸಿ ಉಂಟು. ಈಗ ಹಾಕ್ಬೇಡ” ಎಂದರು.

ನಮಸ್ಕಾರ.